ಹುಬ್ಬಳ್ಳಿ-ಧಾರವಾಡದಲ್ಲಿ ಎರಡು ದಿನ

ಕಳೆದ ಡಿಸೆಂಬರ ತಿಂಗಳ ಆರಂಭದಲ್ಲಿ ಬಂಧುಗಳ ಮನೆಯ ಲಗ್ನದ ನಿಮಿತ್ತವಾಗಿ ನಾವು ಹುಬ್ಬಳ್ಳಿಗೆ ಹೋಗಬೇಕಾಯಿತು. ಹೊಟ್ಟೆಯ ಪಾಡಿಗಾಗಿ ಇಪ್ಪತ್ತು ವರ್ಷಗಳ ಮೇಲಿನಿಂದ ಮೈಸೂರಿನಲ್ಲಿ ನೆಲಸಿದ ನಮಗೆ ಈ ಜೋಡಿ ಊರುಗಳು ಹುಟ್ಟಿದ ಸೀಮೆ. ಆದರೂ ಹೋಗಿ ಬರುವುದು ವರುಷಕ್ಕೊಮ್ಮೆ ಎರಡು ವರುಷಕ್ಕೊಮ್ಮೆ ಮಾತ್ರವೇ. ಬೆಳಗಿನ ಜಾವದ ಚಳಿಯಲ್ಲಿ ಉಗಿಬಂಡಿಯಿಂದ ಇಳಿದೆವು. ಉಗಿಬಂಡಿ ಎಂಬುದು ಬಾಯಿಗೆ ಹತ್ತಿದ ಹಳೆಯ ಮಾತು. ಉಗಿ ಹೋಗಿ ಎಷ್ಟೋ ಕಾಲವಾಯಿತು. ಹುಬ್ಬಳ್ಳಿಯ ನಿಲ್ದಾಣಕ್ಕೆ ಈಗ ಶ್ರೀ ಸಿದ್ಧಾರೂಢ ಸ್ವಾಮಿಗಳ ಹೆಸರು. 2023ರ ಮಾರ್ಚಿಯಲ್ಲಿ ಇಲ್ಲಿ 1507 ಮೀಟರು ಉದ್ದದ ಪ್ಲಾಟಫಾರ್ಮು ತೆರೆಯಿತು. ಜಗತ್ತಿನಲ್ಲಿಯೇ ಇಷ್ಟು ಉದ್ದದ್ದು ಬೇರೊಂದಿಲ್ಲವೆಂದು ಊರವರು ಹೆಮ್ಮೆ ಪಡುತ್ತಾರೆ. ಹೆಗಲ ಮೇಲೆ ಗಂಟು ಹೊತ್ತು ಅದರ ಒಂದು ತುದಿಯಿಂದ ನಡೆದು ಬರುವವನಿಗೆ ಆ ಹೆಮ್ಮೆ ಅರ್ಧದಾರಿಯಲ್ಲಿಯೇ ಕರಗುತ್ತದೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಲಗ್ನಕ್ಕೆ ಇನ್ನೂ ಎರಡು ದಿನ ಉಳಿದಿದ್ದುವು. ಮನೆಯ ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದಾಗ ಯಾರಿಗೆ ಅಕ್ಷತೆ ಕೊಟ್ಟಾಯಿತು, ಯಾರಿಗೆ ಇಲ್ಲವೆಂಬ ಮಾತು ನಡೆದಿದ್ದಿತು. ನಮ್ಮ ಕಾಕಾನ ಮಗನ ಹೆಂಡತಿಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಕೇಳಿದುದಕ್ಕೆ ಮನೆಯ ಹಿರಿಯರು, “ಆಕಿ ಈಗ ಧಾರವಾಡದಾಗ ಇರತಾಳ. ಕಾಲೇಜಿನ ಹುಡುಗರ ಮುಂದ ನಿಂತು ಏನೇನೋ ಭಾಷಣಾ ಮಾಡತಾಳಂತ. ನಾಕು ಮಂದಿ ಸೇರೋ ಜಾಗಾ, ಸುಮ್ಮನ ಯಾಕ?” ಎಂದರು. ಅವರು ನಮ್ಮ ಮುಖವನ್ನು ನೋಡಲಿಲ್ಲ. ನಾವೂ ಅವರ ಮುಖವನ್ನು ನೋಡಲಿಲ್ಲ.

ಇಂತಹ ವಿಷಯವನ್ನು ಹೆಂಗಸರು ಮಕ್ಕಳು ಓದುವ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ವಾಚಕರು ಹುಬ್ಬು ಗಂಟಿಕ್ಕಬಹುದು. ಬರೆಯುವ ಮೊದಲು ನಾವೂ ಹಾಗೆಯೇ ಯೋಚಿಸಿದ್ದುಂಟು. ಆದರೆ ನಡೆದುದು ನಡೆದಂತೆ ಹೇಳಬೇಕಾದರೆ ಹಿಂದಿನ ಸಂಗತಿಯನ್ನು ಬಿಚ್ಚಲೇಬೇಕು.

ನಮ್ಮ ಆ ತಮ್ಮನು ಲಾರಿಯ ಚಾಲಕನಾಗಿದ್ದನು. ಪುಣೆ-ಬೆಂಗಳೂರು ಹೆದ್ದಾರಿ ಅವನಿಗೆ ಮನೆಯ ಅಂಗಳವಿದ್ದಂತೆ. ತಿಂಗಳಲ್ಲಿ ಇಪ್ಪತ್ತು ದಿನ ಅದರ ಮೇಲೆಯೇ ಊಟ, ಅದರ ಮೇಲೆಯೇ ನಿದ್ದೆ. ದುಡಿತದ ಗಂಡಸು, ಮನೆಗೆ ಬಂದಾಗ ಮಕ್ಕಳಿಗೆಲ್ಲ ಕೊಲ್ಹಾಪುರದ ಬೆಲ್ಲ ತರುತ್ತಿದ್ದನು. 1998ರಲ್ಲಿ ಬಿಡದ ಜ್ವರ, ಭೇದಿ, ಮೈ ಇಳಿಯುವುದು ಮೊದಲಾಯಿತು. ವೈದ್ಯರು ರಕ್ತವನ್ನು ಪರೀಕ್ಷಿಸಿ ಎಚ್.ಐ.ವಿ. ಎಂದು ಹೇಳಿದರು. ಆಗ ಅದಕ್ಕೆ ಬಡವರ ಕೈಗೆ ನಿಲುಕುವ ಔಷಧವೇ ಇರಲಿಲ್ಲ. ಮನೆಯಲ್ಲಿ ಅವನ ತಾಟು-ತಂಬಿಗೆಗಳನ್ನು ಬೇರೆಯಿಟ್ಟರು. ಹಾಸಿಗೆಯನ್ನು ಹಿತ್ತಲಿನ ಕೋಣೆಗೆ ಸಾಗಿಸಿದರು. 1999ರ ಮಳೆಗಾಲದಲ್ಲಿ ಅವನು ತೀರಿಕೊಂಡನು. ಹದಿಮೂರು ದಿನ ಕಳೆದ ಮೇಲೆ ಎರಡು ವರ್ಷದ ಹೆಣ್ಣುಮಗುವಿನೊಡನೆ ಅವನ ಹೆಂಡತಿಯನ್ನು ತವರಿಗೆ ಕಳಿಸಿದರು. ಹೊರಡುವ ದಿನ ಅವಳು ನಮ್ಮ ಮುಂದೆ ನೀರಿನ ತಂಬಿಗೆಯನ್ನು ತಂದಿಟ್ಟಿದ್ದಳು. ನಾವು ಬಾಯಾರಿದ್ದರೂ ಅದನ್ನು ಮುಟ್ಟಲಿಲ್ಲ. ಕಲಿತವರು, ನಾಲ್ಕು ಪುಸ್ತಕ ಓದಿದವರು, ನೀರಿನಿಂದ ಆ ರೋಗ ಬರುವುದಿಲ್ಲವೆಂಬುದನ್ನು ಅರಿತವರು, ಆದರೂ ಮುಟ್ಟಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಧಾರವಾಡಕ್ಕೆ ಹೊರಟೆವು. ಎರಡೂ ಊರುಗಳ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟೇ ಅಂತರ. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ಆದರೂ ಹುಬ್ಬಳ್ಳಿಯವರು ವ್ಯಾಪಾರದವರು, ಧಾರವಾಡದವರು ಪೆನ್ಶನ್ನಿನವರು ಹಾಗೂ ಕವಿಗಳು ಎಂದು ಒಬ್ಬರನ್ನೊಬ್ಬರು ಹಾಸ್ಯ ಮಾಡುವುದು ತಪ್ಪಿಲ್ಲ. ಈಗ ನಡುದಾರಿಯಲ್ಲಿ ತನಗಾಗಿಯೇ ಬಿಟ್ಟ ಹಾದಿಯ ಮೇಲೆ ಓಡುವ ತಂಪು ಹವೆಯ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಿದ್ದಾರೆ. ಜಿಂಕೆಗೆ ನಮ್ಮ ಕಡೆಯ ಮಾತು, ಹೆಸರಿಟ್ಟವರನ್ನು ಮೆಚ್ಚಬೇಕು. ವಿದ್ಯಾನಗರದಲ್ಲಿ ಜನರ ಬಾಯಲ್ಲಿ ಇನ್ನೂ ಕಿಮ್ಸ್ ಎಂದೇ ಉಳಿದಿರುವ ದೊಡ್ಡ ಸರ್ಕಾರಿ ಆಸ್ಪತ್ರೆ ಕಂಡಿತು. 1957ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ಬಡವರಿಗೆ ಇದೇ ಕಡೆಯ ಆಸರೆ. ಮುಂದೆ ಉಣಕಲ್ಲ ಕೆರೆ, ನವನಗರ, ರಾಯಾಪುರ, ಸತ್ತೂರು. ನವಲೂರಿನ ಹತ್ತಿರ ರಸ್ತೆಯ ಬದಿಗೆ ಬುಟ್ಟಿಗಳಲ್ಲಿ ಪೇರಲಹಣ್ಣುಗಳನ್ನು ಇಟ್ಟುಕೊಂಡು ಹೆಂಗಸರು ಕುಳಿತಿದ್ದರು.

ಈ ಸೀಮೆಗೆ ರೋಗದ ಹೆದರಿಕೆ ಹೊಸದಲ್ಲ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಜನರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂದು ಅಜ್ಜಂದಿರು ಹೇಳುತ್ತಿದ್ದರು. ಹಾಫ್ಕಿನ್ ಎಂಬ ವಿದ್ವಾಂಸನು ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಆಗ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಚುಚ್ಚಿಸಿಕೊಂಡರು. ಪ್ಲೇಗಿನ ವಿಷಯವನ್ನು ಕಟ್ಟೆಯ ಮೇಲೆ ಕುಳಿತು ಮಾತನಾಡಬಹುದಾಗಿದ್ದಿತು. ಈ ರೋಗದ ಕೇಡೆಂದರೆ ಇದರ ಹೆಸರನ್ನೇ ಎತ್ತಲಾಗದು. ಇದಕ್ಕೆ ಲಸಿಕೆ ಇನ್ನೂ ಇಲ್ಲ, ಇರುವುದು ಮಾತೊಂದೇ. ಆ ಮಾತಿಗೇ ನಾವು ಬಾಗಿಲು ಹಾಕಿದ್ದೇವೆ.

ಧಾರವಾಡದ ಒಂದು ಕಾಲೇಜಿನಲ್ಲಿ ಅಧ್ಯಾಪಕರಾದ ನಮ್ಮ ಹಳೆಯ ಗೆಳೆಯರು ನಮ್ಮನ್ನು ಸಭಾಗೃಹದ ಹಿಂದಿನ ಬೆಂಚಿನ ಮೇಲೆ ಕುಳ್ಳಿರಿಸಿದರು. ಡಿಸೆಂಬರ 1ನೆಯ ದಿನವನ್ನು 1988ರಿಂದ ಜಗತ್ತೆಲ್ಲ ಏಡ್ಸ್ ದಿನವೆಂದು ಆಚರಿಸುವುದರಿಂದ ಆ ವಾರದಲ್ಲಿ ಕಾಲೇಜುಗಳ ‘ರೆಡ್ ರಿಬ್ಬನ್’ ಸಂಘಗಳವರು ಇಂತಹ ಪಾಠಗಳನ್ನು ಏರ್ಪಡಿಸುತ್ತಾರೆ. ಕಲಿಸುವವರು ಸಂಬಳದವರಲ್ಲ, ತಮ್ಮದೇ ವಯಸ್ಸಿನ ವಿದ್ಯಾರ್ಥಿಗಳು, ತರಬೇತಿ ಪಡೆದು ಸ್ವಇಚ್ಛೆಯಿಂದ ಬಂದವರು. ಎಂಬತ್ತು ತೊಂಬತ್ತು ಜನ ತರುಣ ತರುಣಿಯರು ಸೇರಿದ್ದರು. ವಿಜಯಪುರ, ಬಾಗಲಕೋಟೆ, ಗದಗಗಳ ಹಳ್ಳಿಗಳಿಂದ ಬಂದು ಕೋಣೆ ಹಿಡಿದು ಓದುವವರೇ ಹೆಚ್ಚು. ಗಂಡುಹುಡುಗರು ಒಂದು ಬದಿಗೆ ನಗುತ್ತಿದ್ದರು. ಹೆಣ್ಣುಮಕ್ಕಳು ಇನ್ನೊಂದು ಬದಿಗೆ ಪುಸ್ತಕದಲ್ಲಿ ಮುಖ ಹುದುಗಿಸಿದ್ದರು.

ಮೊದಲು ಒಬ್ಬ ಹುಡುಗನು ಹತ್ತು ಲೋಟಗಳಲ್ಲಿ ನೀರನ್ನು ತಂದು ಹತ್ತು ಜನರ ಕೈಗೆ ಕೊಟ್ಟನು. ಎಲ್ಲವೂ ನೋಡುವುದಕ್ಕೆ ತಿಳಿನೀರೇ. “ನಿಮಗ ಬೇಕಾದವರ ಲೋಟಕ್ಕ ನಿಮ್ಮ ನೀರು ಹಾಕ್ರಿ, ಅವರದು ನೀವು ಹಾಕಿಸ್ಕೋರಿ” ಎಂದನು. ನಗೆಯ ನಡುವೆ ನೀರಿನ ಕೊಡುಕೊಳ್ಳುವಿಕೆ ನಡೆಯಿತು. ಒಬ್ಬ ಹುಡುಗಿಯು ಮಾತ್ರ ಯಾರಿಗೂ ಕೊಡಲಿಲ್ಲ, ಯಾರಿಂದಲೂ ಪಡೆಯಲಿಲ್ಲ. ಇನ್ನೊಬ್ಬನು ತನ್ನ ಲೋಟದ ಮೇಲೆ ತಟ್ಟೆ ಮುಚ್ಚಿ ಹಿಡಿದಿದ್ದನು. ಅವನಿಗೆ ಹಾಗೆ ಮಾಡೆಂದು ಮೊದಲೇ ಹೇಳಿದ್ದರಂತೆ. ತರುವಾಯ ಸ್ವಯಂಸೇವಕಿಯೊಬ್ಬಳು ಬಂದು ಎಲ್ಲ ಲೋಟಗಳಿಗೂ ಒಂದೊಂದು ಚಿಟಿಕೆ ಅರಿಸಿನವನ್ನು ಹಾಕಿ ಕಲಕಿದಳು. ಏಳು ಲೋಟಗಳ ನೀರು ಓಕುಳಿಯಂತೆ ಕೆಂಪಾಯಿತು. ಮೂರು ಮಾತ್ರ ಹಳದಿಯಾಗಿಯೇ ಉಳಿದುವು. ಸಭೆ ಒಮ್ಮೆಲೆ ಮೌನವಾಯಿತು. ಮೊದಲಿಗೆ ಒಂದೇ ಒಂದು ಲೋಟದಲ್ಲಿ ಸುಣ್ಣದ ತಿಳಿಯಿದ್ದಿತೆಂದೂ, ಅದು ಯಾರದೆಂಬುದು ಅದನ್ನು ಹಿಡಿದವನಿಗೂ ಗೊತ್ತಿರಲಿಲ್ಲವೆಂದೂ ಆಕೆ ಹೇಳಿದಳು. ಆರತಿಯ ತಟ್ಟೆಗೆ ದಿನಾಲು ಓಕುಳಿ ಕದಡುವ ಮನೆಗಳಿಂದ ಬಂದ ಆ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಲಿಲ್ಲ.

ಆಮೇಲೆ ರೋಗ ಹರಡುವ ದಾರಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ರೋಗಾಣುವಿರುವವರೊಡನೆ ರಕ್ಷಣೆಯಿಲ್ಲದ ದೇಹಸಂಬಂಧ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಪರೀಕ್ಷಿಸದ ರಕ್ತ, ತಾಯಿಯಿಂದ ಹೊಟ್ಟೆಯ ಇಲ್ಲವೆ ಹಾಲು ಕುಡಿಯುವ ಕೂಸಿಗೆ. ಸೊಳ್ಳೆಯಿಂದ ಇಲ್ಲ, ಒಂದೇ ತಾಟಿನ ಊಟದಿಂದ ಇಲ್ಲ, ಮುಟ್ಟುವುದರಿಂದ ಇಲ್ಲ. ನಿರೋಧದ ಬಳಕೆಯನ್ನು ಹೇಳುವಾಗ ಆ ಇಪ್ಪತ್ತರ ಹುಡುಗನ ಧ್ವನಿ ಒಂದಿಷ್ಟೂ ನಡುಗಲಿಲ್ಲ. ನಡುಗಿದ್ದು ಹಿಂದಿನ ಬೆಂಚಿನಲ್ಲಿ ಕುಳಿತ ನಮ್ಮದೇ ಜೀವ. ಎಡವಿದವರು 72 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಹೋದರೆ ರೋಗ ನಾಟದಂತೆ ತಡೆಯುವ ಮಾತ್ರೆಗಳುಂಟೆಂಬುದನ್ನು ನಾವು ಆ ದಿನವೇ ತಿಳಿದೆವು.

2007ರಲ್ಲಿ ಶಾಲೆಗಳಲ್ಲಿ ಇಂತಹ ಪಾಠವನ್ನು ಕೊಡುವ ಯೋಜನೆ ಬಂದಾಗ ನಮ್ಮ ಸಂಸ್ಕೃತಿಗೆ ಒಗ್ಗದೆಂದು ಹಲವು ರಾಜ್ಯಗಳು ಅದನ್ನು ತಡೆದುವು. ನಮ್ಮ ಕರ್ನಾಟಕವೂ ಅವುಗಳಲ್ಲಿ ಒಂದು. ನಾವೂ ಆಗ ಅದನ್ನು ಒಪ್ಪಿ ಗೆಳೆಯರೊಡನೆ ವಾದಿಸಿದ್ದೆವು. ಅದೇ ವರ್ಷದ ಡಿಸೆಂಬರದಲ್ಲಿ ಏಳು ಡಬ್ಬಿಗಳ ಒಂದು ರೈಲು ದಿಲ್ಲಿಯಿಂದ ಹೊರಟು ಊರೂರಿಗೆ ಈ ತಿಳಿವನ್ನು ಹೊತ್ತು ತಿರುಗಿತು. ಶಾಲೆಯಲ್ಲಿ ಹೇಳಬಾರದ ಮಾತನ್ನು ನಿಲ್ದಾಣದಲ್ಲಿ ಹೇಳಬಹುದೆಂಬ ತರ್ಕ ಇಂದಿಗೂ ನಮ್ಮ ಬುದ್ಧಿಗೆ ಹತ್ತಿಲ್ಲ.

ಆಗ ಅವಳು ಎದ್ದು ಬಂದಳು. ಇಳಕಲ್ಲ ಸೀರೆ, ಅರ್ಧ ನೆರೆತ ಕೂದಲು, ಕನ್ನಡಕ. ನಮ್ಮನ್ನು ನೋಡಿದಳು, ಗುರುತು ಹಿಡಿದಳೆಂಬುದು ಕಣ್ಣಿನಿಂದ ತಿಳಿಯಿತು, ಆದರೆ ಮಾತು ತಡೆಯಲಿಲ್ಲ. “ನನಗ ಈ ರೋಗ ಐತಿ. ಇಪ್ಪತ್ತೈದು ವರ್ಷದ ಮ್ಯಾಲಾತು. ನೋಡ್ರಿ, ನಿಮ್ಮ ಮುಂದ ನಿಂತೀನಿ” ಎಂದಳು. ಗಂಡನನ್ನು ಬಯ್ಯಲಿಲ್ಲ, ಗಂಡನ ಮನೆಯವರನ್ನೂ ಬಯ್ಯಲಿಲ್ಲ. “ನಮ್ಮವರು ಕೆಟ್ಟವರಲ್ರಿ. ಅವರಿಗೆ ಯಾರೂ ಹೇಳಿದ್ದಿಲ್ಲ. ನಿಮ್ಮ ವಯಸ್ಸಿನ್ಯಾಗ ಯಾರರ ಒಬ್ಬರು ಹಿಂಗ ನಿಂತು ಹೇಳಿದ್ದರ ಅವರು ಇವತ್ತ ಇರತಿದ್ದರು” ಎಂದಷ್ಟೇ ಹೇಳಿದಳು. ನಗುತ್ತಿದ್ದ ಹುಡುಗರು ಈಗ ನಗುತ್ತಿರಲಿಲ್ಲ.

ಹೆಸರು ಬರೆಯದೆ ಚೀಟಿ ಹಾಕುವ ಒಂದು ಡಬ್ಬಿಯಿದ್ದಿತು. ಅವಳು ಒಂದೊಂದನ್ನೇ ತೆಗೆದು ಓದಿ ಉತ್ತರ ಹೇಳಿದಳು. ಕ್ಷೌರದ ಅಂಗಡಿಯ ಬ್ಲೇಡಿನ ಪ್ರಶ್ನೆ, ಹಚ್ಚೆಯ ಪ್ರಶ್ನೆ, ರೋಗವಿದ್ದವರು ಲಗ್ನವಾಗಬಹುದೇ ಎಂಬ ಪ್ರಶ್ನೆ. ಒಂದು ಚೀಟಿಯನ್ನು ಓದಿ ಅವಳು ಸುಮ್ಮನೆ ನಿಂತಳು. ಅನಂತರ ಗಟ್ಟಿಯಾಗಿ ಓದದೆ ಅದನ್ನು ಮಡಚಿ ಸೊಂಟದ ಚೀಲದಲ್ಲಿ ಇಟ್ಟುಕೊಂಡು, “ನಾ ಐದು ಗಂಟೆತನಕಾ ಹೊರಗ ಮರದ ಕೆಳಗ ಕುಂತಿರತೀನಿ. ಒಬ್ಬೊಬ್ಬರ ಬಂದು ಮಾತಾಡ್ರಿ. ಕೆಲಸ ಇರಲಿ ಇಲ್ಲದಿರಲಿ, ಎಲ್ಲಾರೂ ಬರ್ರಿ” ಎಂದಳು. ಎಲ್ಲರನ್ನೂ ಏಕೆ ಕರೆದಳೆಂಬುದು ನಮಗೆ ಒಡನೆ ಹೊಳೆಯಲಿಲ್ಲ. ಗೆಳೆಯರು ಕಿವಿಯಲ್ಲಿ ಹೇಳಿದರು: ಎಲ್ಲರೂ ಹೋದರೆ ಚೀಟಿ ಬರೆದವರು ಯಾರೆಂಬುದು ಯಾರಿಗೂ ತಿಳಿಯುವುದಿಲ್ಲ.

ನಾಲ್ವತ್ತು ಜನರಾದರೂ ಹೋದರು. ಕೆಲವರು ನಮಸ್ಕಾರ ಮಾಡಿ ಬಂದರು, ಕೆಲವರು ಅವಳೊಡನೆ ಚಿತ್ರ ತೆಗೆಸಿಕೊಳ್ಳಲು ಹೋದರು. ಯಾರೋ ಒಬ್ಬರು ಹೆಚ್ಚು ಹೊತ್ತು ಕುಳಿತರು. ಯಾರೆಂದು ಇಲ್ಲಿ ಬರೆಯುವುದಿಲ್ಲ. ಆ ಚೀಟಿಯಲ್ಲಿ ಏನಿದ್ದಿತೆಂದು ಆಮೇಲೆ ಕೇಳಿದಾಗ ಅವಳು ಹೆಸರು, ಊರು ಯಾವುದನ್ನೂ ಹೇಳದೆ ಇಷ್ಟನ್ನೇ ಹೇಳಿದಳು: ತಂದೆಗೆ ರೋಗವಿರುವುದು ಮಗುವಿಗೆ ಗೊತ್ತಾಗಿದೆ, ತಾಯಿಗೆ ಗೊತ್ತಿಲ್ಲ. ಹೇಳಬೇಕೋ ಬಾರದೋ? “ನೀನು ಹೊರಬ್ಯಾಡ ಆ ಭಾರಾ ಅಂದೆ, ಭಾವಾರ. ಅಪ್ಪನ್ನ ಆಸ್ಪತ್ರಿಗೆ ಕರಕೊಂಡು ಬಾ, ಅವ್ವನ್ನ ಪರೀಕ್ಷಾಕ್ಕ ಕರಕೊಂಡು ಬರೋ ಹಂಗ ಅವರ ಮನಸ್ಸು ಒಲಿಸೋದು ಅಲ್ಲಿಯವರ ಕೆಲಸ ಅಂದೆ. 1097ಕ್ಕ ಫೋನ್ ಮಾಡಿದರ ಹೆಸರು ಕೇಳಾಂಗಿಲ್ಲ ಅಂತನೂ ಹೇಳಿದೆ.” 2017ರಲ್ಲಿ ಆದ ಕಾಯದೆಯ ಪ್ರಕಾರ ರೋಗವಿದ್ದವರ ಒಪ್ಪಿಗೆಯಿಲ್ಲದೆ ಅವರ ಸಂಗತಿಯನ್ನು ಹೊರಗೆಡಹುವಂತಿಲ್ಲ, ಕೆಲಸದಿಂದ, ಶಾಲೆಯಿಂದ, ಬಾಡಿಗೆಯ ಮನೆಯಿಂದ ರೋಗದ ಕಾರಣಕ್ಕಾಗಿ ಹೊರಹಾಕುವಂತೆಯೂ ಇಲ್ಲ. ಹಾಗೂ ಮನೆಯ ಮಾಲಕರೊಬ್ಬರು ತನ್ನನ್ನು ಎರಡು ವರ್ಷದ ಹಿಂದೆ ಬಿಡಿಸಿದರೆಂದು ಅವಳು ನಕ್ಕು ಹೇಳಿದಳು. ಮಾಲಕರು ರೋಗದ ಹೆಸರನ್ನು ಹೇಳಲಿಲ್ಲವಂತೆ. ಸುಣ್ಣ ಬಳಿಸಬೇಕಾಗಿದೆ ಎಂದರಂತೆ.

ಅವಳ ಎರಡು ಕೋಣೆಯ ಮನೆಗೆ ನಮ್ಮನ್ನು ಕರೆದಳು. ದಾರಿಯಲ್ಲಿಯೂ ಮನೆಯಲ್ಲಿಯೂ ಕೇಳಿದ ಸಂಗತಿಗಳನ್ನು ಸ್ವಲ್ಪದರಲ್ಲಿ ಹೇಳುವೆವು. ಅವಳ ತವರು ಬಾಗಲಕೋಟೆಯ ಕಡೆಯ ಹಳ್ಳಿ. 2001ರಲ್ಲಿ ಭಾರತ-ಕೆನಡಾಗಳ ಕೂಡುಯೋಜನೆಯೊಂದು ಕರ್ನಾಟಕ, ರಾಜಸ್ಥಾನಗಳಲ್ಲಿ ಮೊದಲಾಯಿತು. ಬಾಗಲಕೋಟೆ ಜಿಲ್ಲೆಯನ್ನು ಅದರ ಮಾದರಿಯ ಕ್ಷೇತ್ರವಾಗಿ ಆರಿಸಿದರು. 2003ರಲ್ಲಿ ಅಲ್ಲಿ ಜನರ ರಕ್ತಪರೀಕ್ಷೆ ಮಾಡಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ರೋಗಾಣು ಕಂಡುಬಂದಿತು, ಅದೂ ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಹೆಚ್ಚು. ರೋಗವು ಶಹರಿನದು, ಹಳ್ಳಿ ನಿರ್ಮಲವೆಂಬ ನಮ್ಮ ಭ್ರಮೆ ಅಲ್ಲಿಗೆ ಮುಗಿಯಿತು. ಯೋಜನೆಯ ಹಿಂದೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರಿದ್ದರು. ಅವರು 1980ರಿಂದ ಆಫ್ರಿಕೆಯ ನೈರೋಬಿಯಲ್ಲಿ ಅಲ್ಲಿಯ ವಿದ್ವಾಂಸರೊಡನೆ ಕೆಲಸ ಮಾಡಿದವರು. ಆ ನಗರದ ಪುಮ್ವಾನಿ ಎಂಬ ಬಡವರ ಕೇರಿಯಲ್ಲಿ ಎಲಿಜಬೆತ್ ನ್ಗೂಗಿ ಎಂಬ ಕೆನ್ಯದ ದಾದಿಯು ಬೀದಿಯ ಹೆಣ್ಣುಮಕ್ಕಳಿಗೆ ಅವರ ಗೆಳತಿಯರ ಬಾಯಿಂದಲೇ ಈ ಪಾಠವನ್ನು ಹೇಳಿಸಿ ಯಶಸ್ವಿಯಾಗಿದ್ದಳು. ಹೊರಗಿನಿಂದ ಬಂದ ಪಂಡಿತನಿಗಿಂತ ಪಕ್ಕದ ಮನೆಯವಳ ಮಾತು ನಾಟುತ್ತದೆಂಬ ಆ ತಿಳಿವಳಿಕೆ ಹೀಗೆ ಸಮುದ್ರಗಳನ್ನು ದಾಟಿ ಘಟಪ್ರಭೆಯ ದಂಡೆಗೆ ಬಂದಿತು. ನಮ್ಮವರು ತಳ್ಳಿದ ಹೆಣ್ಣುಮಗಳನ್ನು ಅಲ್ಲಿಯ ಕೆಲಸದವರು ಹುಡುಕಿಕೊಂಡು ಬಂದು, “ಅಕ್ಕಾ, ನೀನು ಹೇಳಿದರ ಜನಾ ಕೇಳತಾರ” ಎಂದರಂತೆ. ಆಗ ಅವಳಿಗೆ ಅಕ್ಷರ ಓದಲು ಬರುತ್ತಿದ್ದಿತೇ ಹೊರತು ನಾಲ್ಕು ಜನರ ಮುಂದೆ ನಿಂತು ಗೊತ್ತಿರಲಿಲ್ಲ. ಮೊದಲ ಸಭೆಯಲ್ಲಿ ಅತ್ತುಬಿಟ್ಟಳಂತೆ. ಎರಡನೆಯದರಲ್ಲಿ ಕೇಳುವವರು ಅತ್ತರಂತೆ.

2004ರ ಏಪ್ರಿಲದಲ್ಲಿ ಸರ್ಕಾರವು ದೇಶದ ಎಂಟು ಆಸ್ಪತ್ರೆಗಳಲ್ಲಿ ಎ.ಆರ್.ಟಿ. ಔಷಧವನ್ನು ಪುಕ್ಕಟೆಯಾಗಿ ಕೊಡಲಾರಂಭಿಸಿತು. ಕರ್ನಾಟಕಕ್ಕೆಲ್ಲ ಆಗ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೊಂದೇ. ತಿಂಗಳಿಗೊಮ್ಮೆ ರಾತ್ರಿಯ ಗಾಡಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೋಗಿ, ಮರುದಿನ ಸರದಿಯಲ್ಲಿ ನಿಂತು, ಮಾತ್ರೆ ತೆಗೆದುಕೊಂಡು, ಅದೇ ರಾತ್ರಿ ತಿರುಗುತ್ತಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿಯೂ ಔಷಧ ದೊರೆಯತೊಡಗಿದ ಮೇಲೆ ಧಾರವಾಡಕ್ಕೆ ಬಂದು ನೆಲಸಿದಳು. ಮೊದಲು ದಿನಕ್ಕೆರಡು ಹೊತ್ತು ಗಡಿಯಾರ ನೋಡಿ ನುಂಗುತ್ತಿದ್ದ ಮಾತ್ರೆ ಈಗ ದಿನಕ್ಕೆ ಒಂದೇ. ಅದನ್ನು ತಪ್ಪದೆ ನುಂಗಿ, ರಕ್ತದಲ್ಲಿ ರೋಗಾಣು ಪರೀಕ್ಷೆಗೆ ಸಿಗದಷ್ಟು ಅಡಗಿದವರಿಂದ ದೇಹಸಂಬಂಧದ ಮೂಲಕವೂ ಇನ್ನೊಬ್ಬರಿಗೆ ಹರಡುವುದಿಲ್ಲ. 2017ರಿಂದ ರೋಗವಿದೆಯೆಂದು ತಿಳಿದ ದಿನದಿಂದಲೇ ಔಷಧ ಕೊಡುವ ಕ್ರಮವಾಗಿದೆ. ದೇಶದಲ್ಲಿ ಈಗ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಇಬ್ಬರಿಗೆ ರೋಗಾಣುವಿದೆ. ಅಂದಿನ ಭೀತಿಯನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಭೀತಿ ಇಳಿದಂತೆ ಎಚ್ಚರವೂ ಇಳಿದಿದೆಯೆಂಬುದು ಅವಳ ಕೊರಗು. “ಈಗಿನ ಹುಡುಗರಿಗೆ ಇದರ ಹೆಸರು ಸೈತ ಗೊತ್ತಿಲ್ರಿ, ಭಾವಾರ. ಮುಂಚೆ ಗೋಡಿ ಮ್ಯಾಲೆ ಬರೀತಿದ್ದರು, ಈಗ ಗೋಡಿ ಎಲ್ಲಾ ಕೋಚಿಂಗ್ ಕ್ಲಾಸಿನವರ ಪಾಲಾಗ್ಯಾವ.”

ಮಗಳಿಗೆ ರೋಗ ತಗುಲಿಲ್ಲ, ದಾದಿಯ ಕೆಲಸದಲ್ಲಿದ್ದಾಳೆ. ಗೋಡೆಯ ಮೇಲೆ ತಮ್ಮನ ಚಿತ್ರವಿದ್ದಿತು, ಲಾರಿಯ ಬಾಗಿಲಿಗೆ ಒರಗಿ ನಿಂತದ್ದು. ಅವಳು ಒಳಗಿನಿಂದ ತಂಬಿಗೆಯಲ್ಲಿ ನೀರನ್ನೂ ತಾಟಿನಲ್ಲಿ ಬೆಲ್ಲವನ್ನೂ ತಂದಿಟ್ಟು ನಿಂತಳು. ನಾವು ನೀರು ಕುಡಿದೆವು. ಅವಳು ಏನನ್ನೂ ಹೇಳಲಿಲ್ಲ. ತಂಬಿಗೆಯನ್ನು ಮತ್ತೆ ತುಂಬಿಸಿ ತಂದಳು. ಅದನ್ನೂ ಕುಡಿದೆವು. ಲಗ್ನದ ಮಾತು ಅವಳಿಗೆ ಗೊತ್ತಿದ್ದಿತು. ನಮ್ಮ ಜೊತೆಯಲ್ಲಿ ಬಾ ಎಂದೆವು. “ಕರದವರು ನೀವಲ್ಲಲ್ರಿ” ಎಂದು ಮೆಲ್ಲಗೆ ಹೇಳಿದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಬ್ಬಳ್ಳಿಗೆ ತಿರುಗಿದ ಮೇಲೆ ಹಿರಿಯರೊಡನೆ ಆ ರಾತ್ರಿ ಮಾತು ತೆಗೆದೆವು. ಮಾತು ಬೆಳೆಯಿತು, ಎರಡು ಕಡೆಯ ಧ್ವನಿಯೂ ಏರಿತು, ಅಕ್ಷತೆ ಮಾತ್ರ ಹೋಗಲಿಲ್ಲ. ಮಾರನೆಯ ದಿನ ಲಗ್ನದ ಪಂಕ್ತಿಯಲ್ಲಿ ಕುಳಿತು ಉಂಡೆವೆಂಬುದನ್ನೂ ಮುಚ್ಚಿಡುವುದಿಲ್ಲ.

ಅವಳ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಅವಳು ಕೇಳಿದ ಮಾತು ಒಂದೇ: “ನಿಮ್ಮ ಮಗಾ ಎಷ್ಟು ದೊಡ್ಡಾಂವ ಆದ್ರಿ? ಅವಗ ಏನರ ಹೇಳೀರಿ?”

ಮಗನಿಗೆ ಹತ್ತೊಂಬತ್ತು. ಬರುವ ಜೂನಿನಲ್ಲಿ ಪುಣೆಗೆ ಹೋಗುವವನು. ಅವನಿಗೆ ಈ ವಿಷಯವಾಗಿ ನಾವು ಏನನ್ನೂ ಹೇಳಿರಲಿಲ್ಲ. ತನಗೆ ಇಂತಹ ಒಬ್ಬ ಚಿಗವ್ವ ಇದ್ದಾಳೆಂಬುದು ಸಹ ಅವನಿಗೆ ಗೊತ್ತಿರಲಿಲ್ಲ.

ಮೈಸೂರಿಗೆ ಬಂದ ರಾತ್ರಿ ಊಟವಾದ ಮೇಲೆ ನವಲೂರಿನ ಪೇರಲಹಣ್ಣುಗಳನ್ನು ಹೆಚ್ಚಿ ಉಪ್ಪು-ಖಾರ ಹಚ್ಚಿ ನಡುವೆ ಇಟ್ಟೆವು. ಮಗನು ಎರಡು ಹೋಳು ತಿಂದು ಎದ್ದು ಹೋಗಬೇಕೆನ್ನುವಷ್ಟರಲ್ಲಿ, ಸ್ವಲ್ಪ ಕುಳಿತುಕೋ ಎಂದೆವು. ಯಾಕೆಂದು ಕೇಳಿದನು. ಬಾಯಿ ಒಣಗಿದ್ದಿತು. ಅಡಿಗೆಮನೆಯಿಂದ ಸುಣ್ಣದ ಡಬ್ಬಿಯನ್ನೂ ಅರಿಸಿನವನ್ನೂ ನಾಲ್ಕು ಲೋಟಗಳನ್ನೂ ತರಲು ಅವನಿಗೆ ಹೇಳಿದೆವು.